ರಿಮ್ಮಿಗೆ ಹಚ್ಚಿದ ಎಣ್ಣೆ

ಕಳೆದ ವಾರ ಒಂದು ಬೆಳಿಗ್ಗೆ ಏಳೂವರೆಗೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ನಗು ಅರ್ಧಕ್ಕೇ ನಿಂತಿತು.

ನಗಿಸಿದವನು ಹಾಲಿನ ಪುಟ್ಟಸ್ವಾಮಿ. ಜಂಬೂಸವಾರಿ ಮುಗಿದ ಮರುದಿನ. ಅಗ್ರಹಾರದ ನನ್ನ ಸೈಕಲ್ ಶಾಪಿಗೆ ಅವನು ಸೈಕಲ್ ತಳ್ಳಿಕೊಂಡು ಬಂದ. ಮೊಣಕೈ ತರಚಿತ್ತು, ಹಾಲಿನ ಕ್ಯಾನು ನೆಗ್ಗಿತ್ತು.

"ಬ್ರೇಕೇ ಹಿಡೀತಿಲ್ಲ ಕಣಣ್ಣ. ಟಾಂಗಾ ಹಿಂದಕ್ಕೆ ಹೋಗಿ ಗುದ್ದಿಬುಟ್ಟೆ. ಕುದುರೆನೇ ತಿರುಗಿ ನೋಡ್ಬುಡ್ತು."

ರಿಮ್ ಮುಟ್ಟಿದೆ. ಬೆರಳು ಜಾರಿತು.

"ಏನಯ್ಯಾ ಇದು?"

"ನಮ್ಮನೆಯವ್ಳು ಆಯುಧಪೂಜೆಗೆ ಅಂತ ಕೊಬ್ಬರಿ ಎಣ್ಣೆ ಹಾಕಿ ಉಜ್ಜವ್ಳೆ. ಫಳಫಳ ಅನ್ಲಿ ಅಂತ."

"ಲೋ, ರಿಮ್ಮಿಗೆ ಎಣ್ಣೆ ಹಚ್ಚೋದೂ ಒಂದೇ, ಬ್ರೇಕ್ ಕಿತ್ತು ಬಿಸಾಕೋದೂ ಒಂದೇ ಕಣೋ! ಇಷ್ಟೂ ಗೊತ್ತಾಗದ ದಡ್ಡರು..."

ಅಲ್ಲಿಗೆ ನಗು ನಿಂತಿತು. ಎರಡು ದಿನದ ಹಿಂದೆ ನನ್ನ ಕೈಯಲ್ಲೇ ಇದ್ದ ಎಣ್ಣೆ ಬಟ್ಟೆ ಕಣ್ಣ ಮುಂದೆ ಬಂತು. ಅದು ಉಜ್ಜಿದ್ದು ನಂಜಪ್ಪ ಮೇಷ್ಟ್ರ ಸೈಕಲ್ಲನ್ನು. ಆ ಸೈಕಲ್ ಆ ಹೊತ್ತಿಗೆ ಎಲ್ಲಿತ್ತು ಗೊತ್ತೇ? ಚಾಮುಂಡಿ ಬೆಟ್ಟದ ಮೇಲೆ. ಅದರ ಮೇಲೆ ಅರವತ್ತು ದಾಟಿದ ಮನುಷ್ಯ, ಜೊತೆಗೆ ಹನ್ನೆರಡು ಕೆ.ಜಿ. ಲಗೇಜು.

ನಂಜಪ್ಪ ಮೇಷ್ಟ್ರು ನನಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಆ ವರ್ಷವೇ ನಾನು ಸ್ಕೂಲು ಬಿಟ್ಟು ಸ್ಪ್ಯಾನರ್ ಹಿಡಿದೆ. ಅವರು ಮನೆಗೇ ಬಂದು ಕೇಳಿದ್ದರು: "ಪಂಕ್ಚರ್ ಹಾಕ್ಕೊಂಡು ಏನು ಸಾಧಿಸ್ತೀಯೋ?" ನಾನು ಉತ್ತರ ಕೊಟ್ಟಿರಲಿಲ್ಲ. ಆಮೇಲೆ ಬಾಡಿಗೆ ಅಂಗಡಿ ಸ್ವಂತದ್ದಾಯಿತು. ಈ ಊರಲ್ಲಿ ವೀಲ್ ಬೆಂಡ್ ತೆಗೆಸಬೇಕು ಅಂದರೆ ಜನ ನನ್ನ ಹೆಸರು ಹೇಳುತ್ತಾರೆ. (ಜಂಬ ಅಂತೀರಾ? ಅನ್ನಿ. ದುಡಿದು ಸಂಪಾದಿಸಿದ ಜಂಬ.) ಉತ್ತರ ಮಾತ್ರ ಬಾಕಿಯೇ ಇತ್ತು.

ರಿಟೈರ್ ಆದ ಮೇಷ್ಟ್ರು ಕುಂಬಾರಕೊಪ್ಪಲಿನ ಮನೆಯಿಂದ ತಿಂಗಳ ಹಿಂದೆ ಬಂದು, "ಊಟಿವರೆಗೂ ಸೈಕಲ್ಲಲ್ಲಿ ಹೋಗ್ಬೇಕು ಕಣೋ, ನನ್ನ ಗಾಡಿ ರೆಡಿ ಮಾಡ್ಕೊಡು" ಅಂದಾಗ ನಾನು ಎದ್ದು ನಿಂತೆ. ಉತ್ತರ ಕೊಡುವ ಕಾಲ ಬಂತಲ್ಲ!

ಏನೇನು ಮಾಡಿದೆ ಹೇಳುತ್ತೇನೆ, ಈ ಅಂಕಣ ಓದಿ ದೂರ ಹೋಗುವವರು ಬರೆದಿಟ್ಟುಕೊಳ್ಳಿ. ಅವರು ಗೇರ್ ಸೈಕಲ್ ಕೊಳ್ಳಲಾ ಅಂದರು. ಬೇಡ ಅಂದೆ. ದಾರಿಯಲ್ಲಿ ಕೆಟ್ಟರೆ ಗುಂಡ್ಲುಪೇಟೆಯ ಮೆಕ್ಯಾನಿಕ್ಕಿಗೆ ರಿಪೇರಿ ಬರಬೇಕು, ಪಾರ್ಟ್ಸ್ ಸಿಗಬೇಕು. ಬಹಳ ಸಲೀಸು ಗಾಡಿ ಅಂದರೆ ಎಲ್ಲಿ ಕೆಟ್ಟರೂ ರಿಪೇರಿ ಆಗುವ ಗಾಡಿ. ಅವರ ಹಳೇ ಕಪ್ಪು ಸೈಕಲ್ಲಿಗೇ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹದಿನೆಂಟು ಹಲ್ಲಿನ ಫ್ರೀವೀಲ್ ತೆಗೆದು ಇಪ್ಪತ್ತೆರಡರದ್ದು ಹಾಕಿದೆ. ಏರು ಹಗುರವಾಗುತ್ತೆ, ಸಮದಲ್ಲಿ ಸ್ವಲ್ಪ ನಿಧಾನ, ಅಷ್ಟೇ. ಮೆತ್ತಗಿನ ಸ್ಪಂಜ್ ಸೀಟು ಕೇಳಿದರು. ಅದು ಮಾರ್ಕೆಟ್ಟಿಗೆ ಹೋಗಿಬರೋಕೆ ಸುಖ. ಮೂವತ್ತು ಕಿಲೋಮೀಟರ್ ದಾಟಿದರೆ ಅದೇ ವೈರಿ. ಕೂತು ಕೂತು ಅವರ ಮೈಗೆ ಒಗ್ಗಿದ್ದ ಹಳೇ ಚರ್ಮದ ಸೀಟೇ ಇರಲಿ ಅಂದೆ. ಎತ್ತರ ಮಾತ್ರ ಸರಿ ಮಾಡಿದೆ: ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಬೆನ್ನಿಗೆ ಬ್ಯಾಗು ಹಾಕಲು ಬಿಡಲಿಲ್ಲ. ಕ್ಯಾನ್ವಾಸಿನಲ್ಲಿ ಜೋಡಿ ಚೀಲ ಹೊಲಿಸಿ ಕ್ಯಾರಿಯರ್‌ನ ಎರಡೂ ಕಡೆ ಸಮತೂಕಕ್ಕೆ ಇಳಿಬಿಟ್ಟೆ. ಎರಡು ಟ್ಯೂಬು, ಪಂಪು, ನಾಲ್ಕು ಸ್ಪೋಕು, ಪಂಕ್ಚರ್ ಸಲ್ಯೂಷನ್. ಬ್ರೇಕಿಗೆ ಹೊಸ ರಬ್ಬರ್.

ಆಯುಧಪೂಜೆಯ ದಿನ ಅದನ್ನು ಅಂಗಡಿಯ ಮಧ್ಯಕ್ಕೆ ನಿಲ್ಲಿಸಿ ಹೂವು ಹಾಕಿದೆ. ಕುಂಕುಮದ ನೀರು ರಿಮ್ ಮೇಲೆ ತೊಟ್ಟಿಕ್ಕಿ ಕಲೆಯಾಯಿತು. ಮೇಷ್ಟ್ರು ಕಲೆ ನೋಡಬಾರದು. ಚೈನಿಗೆ ಹಚ್ಚುತ್ತಿದ್ದ ಎಣ್ಣೆ ಬಟ್ಟೆ ಕೈಯಲ್ಲೇ ಇತ್ತು. ಎರಡೂ ರಿಮ್ ಸುತ್ತ ಎಳೆದೆ. ಕನ್ನಡಿಯಾಯಿತು. ರಿಮ್ಮಿಗೆ ಎಣ್ಣೆ ತಾಗಿಸಬೇಡಿ ಅಂತ ಊರಿಗೆಲ್ಲ ಹೇಳುವವನು ನಾನೇ!

ಪುಟ್ಟಸ್ವಾಮಿ ಬಂದ ದಿನವೇ ಬೆಳಿಗ್ಗೆ ಐದೂಮುಕ್ಕಾಲಿಗೆ ಮೇಷ್ಟ್ರು ಬಂದು, "ಮೊದ್ಲು ತಾಯಿ ದರ್ಶನ, ಆಮೇಲೆ ಉತ್ತನಹಳ್ಳಿ ಕಡೆ ಇಳಿದು ನಂಜನಗೂಡು ರೋಡ್ ಹಿಡೀತೀನಿ" ಅಂದು ಹೊರಟಿದ್ದರು. ಹತ್ತುವಾಗ ಬ್ರೇಕ್ ಯಾರಿಗೆ ಬೇಕು? ಬೇಕಾಗುವುದು ಇಳಿಯುವಾಗ.

ಅಂಗಡಿಯನ್ನು ಪುಟ್ಟಸ್ವಾಮಿ ಕೈಗೆ ಬಿಟ್ಟು ಮೊಪೆಡ್ ಹತ್ತಿದೆ. "ನನ್ ಬ್ರೇಕು?" ಅಂತ ಹಿಂದಿನಿಂದ ಕೂಗುತ್ತಲೇ ಇದ್ದ.

ಬೆಟ್ಟದ ರಸ್ತೆಯಲ್ಲಿ ಮೊಪೆಡ್ ಏದುಸಿರು ಬಿಡುತ್ತಿತ್ತು, ಅದರ ಜೊತೆ ನಾನೂ. ಪೆಡಲ್ ತುಳಿದು ಸಹಾಯ ಮಾಡಿದೆ. ಇದೇ ರಸ್ತೆಯಲ್ಲಿ ಹುಡುಗನಾಗಿದ್ದಾಗ ಕೈ ಬಿಟ್ಟು ಇಳಿದವನು ನಾನು. ಈಗ ಒಂದೊಂದು ತಿರುವಿನಲ್ಲೂ ಅಂಚಿನ ಕಲ್ಲು, ಆಚೆಯ ಪ್ರಪಾತ, ಇವೇ ಕಾಣುತ್ತಿದ್ದವು. ಮೇಲಿನಿಂದ ಬರುವವರು ಜೋರಾಗಿ ಮಾತಾಡಿದರೂ ಸಾಕು, ಅವರ ಮುಖ ನೋಡುತ್ತಿದ್ದೆ: ಏನಾದರೂ ನೋಡಿ ಬಂದರೇ? ಮೇಷ್ಟ್ರ ಹೆಂಡತಿಗೆ ಹೋಗಿ ಏನು ಹೇಳಲಿ? ಶಾಸ್ತ್ರೋಕ್ತವಾಗಿ ಪೂಜೆ ಮಾಡಿದ್ದೆ ಅಂತಲೇ?

ಮೇಲೆ, ಹಣ್ಣುಕಾಯಿ ಮಾರುವ ಹೆಂಗಸನ್ನು ಕೇಳಿದೆ.

"ಚಡ್ಡಿ ಹಾಕ್ಕಂಡಿದ್ರಲ್ಲ, ಕನ್ನಡಕದ ಯಜಮಾನ್ರಾ? ಈಗ್ತಾನೆ ಅತ್ಲಾಗೆ ಇಳಿದ್ರು ಕಣಪ್ಪ. ಸೈಕಲ್ ಎಂಗ್ ಒಳೀತಿತ್ತು ಅಂತೀಯ!"

ಆ ಹೊಗಳಿಕೆ ಮುಗಿಯುವ ಮುಂಚೆಯೇ ಮೊಪೆಡ್ ಅತ್ತ ತಿರುಗಿಸಿದೆ.

ಉತ್ತನಹಳ್ಳಿ ಕಡೆಯ ಇಳಿಜಾರಿನಲ್ಲಿ ಮೂರನೇ ತಿರುವಿಗೆ ಬಂದೆ. ರಸ್ತೆ ಮಧ್ಯೆ ನಾನು ಹೊಲಿಸಿದ ಕ್ಯಾನ್ವಾಸ್ ಚೀಲ ಬಿದ್ದಿತ್ತು. ಸೈಕಲ್ ಎಡಗಡೆಯ ಮಣ್ಣಿನ ದಿಬ್ಬಕ್ಕೆ ಮೂತಿ ಒತ್ತಿಕೊಂಡಿತ್ತು. ಹಿಂದಿನ ಚಕ್ರ ಮೆಲ್ಲಗೆ ತಿರುಗುತ್ತಿತ್ತು. ಮನುಷ್ಯ ಇಲ್ಲ.

"ಮೇಷ್ಟ್ರೇ!"

ಅಂಚಿಗೆ ಹೋಗಿ ಕೆಳಗೆ ನೋಡಬೇಕಿತ್ತು, ಹೋಗಲಿಲ್ಲ. ನಿಂತಲ್ಲೇ ಇನ್ನೊಮ್ಮೆ ಕೂಗಿದೆ.

"ಯಾಕೋ ಹಾಗೆ ಅರಚ್ತೀಯ? ಇಲ್ಲೇ ಇದೀನಿ."

ಬಂಡೆಯ ಮರೆಯಲ್ಲಿ ಕೂತಿದ್ದರು. ಮಂಡಿ ಕಿತ್ತುಹೋಗಿ ರಕ್ತ ಒಸರುತ್ತಿತ್ತು. ಅವರು ಅದನ್ನು ನೋಡುತ್ತಿರಲಿಲ್ಲ. ಎರಡೂ ಅಂಗೈ ಮುಚ್ಚಿ ತೆರೆದು, ಮುಚ್ಚಿ ತೆರೆದು ನೋಡುತ್ತಿದ್ದರು.

"ಎರಡೂ ಬ್ರೇಕ್ ಗಟ್ಟಿಯಾಗಿ ಹಿಡ್ದೆ ಕಣೋ. ಹಿಡ್ದೆ ಅಂತ ನನಗನ್ನಿಸ್ತು. ನಿಲ್ಲಲೇ ಇಲ್ಲ. ದಿಬ್ಬಕ್ಕೆ ನುಗ್ಗಿಸಿದ್ದಕ್ಕೆ ಉಳ್ಕೊಂಡೆ. ಕೈಯಲ್ಲಿ ಕಸುವು ಹೋಗಿದೆ. ನಮ್ಮನೇಲಿ ಬೇಡ ಬೇಡ ಅಂತ ಬಡ್ಕೊಂಡ್ರು. ಅವಳು ಹೇಳಿದ್ದೇ ಸರಿ. ಗಾಡಿ ನೀನೇ ಇಟ್ಕೋ. ನನ್ನ ಬಸ್ ಹತ್ತಿಸ್ಬುಡು."

ಓದುಗರೇ, ಅಲ್ಲಿಯವರೆಗೆ ನನಗಿದ್ದದ್ದು ಒಂದೇ ಭಯ. ಅಲ್ಲಿ ಎರಡನೆಯದು ಶುರುವಾಯಿತು. ನಾನು "ಆಯ್ತು ಮೇಷ್ಟ್ರೇ" ಅಂದಿದ್ದರೆ ಕಥೆ ಮುಗಿಯುತ್ತಿತ್ತು. ನನ್ನ ಹೆಸರಿಗೆ ಕಲೆ ಇಲ್ಲ. ಅವರು ಮನೆಗೆ ಹೋಗಿ, ತನಗೆ ವಯಸ್ಸಾಯಿತು ಅಂತ ನಂಬಿ, ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ನಿಮ್ಮಲ್ಲಿ ಎಷ್ಟು ಜನ ಬಾಯಿ ಬಿಡುತ್ತಿದ್ದಿರಿ? ನಾನಂತೂ ತಕ್ಷಣ ಬಿಡಲಿಲ್ಲ. ಚೀಲ ಎತ್ತಿದೆ, ಧೂಳು ಕೊಡವಿದೆ, ಹ್ಯಾಂಡಲ್ ನೆಟ್ಟಗೆ ಮಾಡಿದೆ. ಮಾಡಲು ಬೇರೆ ಕೆಲಸ ಉಳಿಯಲಿಲ್ಲ.

"ನಿಮ್ಮ ಕೈ ಸರಿಯಾಗಿದೆ ಮೇಷ್ಟ್ರೇ. ರಿಮ್ಮಿಗೆ ಎಣ್ಣೆ ಹಚ್ಚಿದ್ದು ನಾನು."

"ಯಾಕೆ?"

"ಹೊಳೀಲಿ ಅಂತ. ನೀವು ನೋಡ್ಲಿ ಅಂತ."

ಅವರ ಕೈಯಲ್ಲಿ ಕೋಲಿದ್ದರೆ ಅಂಗೈ ಒಡ್ಡುತ್ತಿದ್ದೆ. ಅವರು ಕನ್ನಡಕ ಒರೆಸಿಕೊಂಡರು.

"ಏಳನೇ ಕ್ಲಾಸಲ್ಲೂ ನೀನು ಹೀಗೇ. ಲೆಕ್ಕವೆಲ್ಲ ಸರಿಯಾಗಿ ಮಾಡ್ತಿದ್ದೆ. ಉತ್ತರದ ಕೆಳಗೆ ಚೆಂದವಾಗಿ ಗೆರೆ ಎಳೀತೀನಿ ಅಂತ ಹೋಗಿ ಇಂಕು ಚೆಲ್ತಿದ್ದೆ. ನಿನ್ನ ಸಾಯಿಸ್ಬೇಕು ಅನ್ನಿಸ್ತಿದೆ ಕಣೋ, ಆದ್ರೆ ಹಸಿವು. ಬೇಗ ಸರಿ ಮಾಡು, ನಂಜನಗೂಡಲ್ಲಿ ಇಡ್ಲಿ ಮುಗಿದ್ಹೋಗುತ್ತೆ."

ಮೊಪೆಡ್ಡಿನಿಂದ ಪೆಟ್ರೋಲ್ ತೆಗೆದು ಕರ್ಚೀಫಿನಲ್ಲಿ ರಿಮ್ ಉಜ್ಜಿದೆ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ. ಎಣ್ಣೆ ಕುಡಿದ ಬ್ರೇಕ್ ರಬ್ಬರುಗಳನ್ನು ಬಿಚ್ಚಿ ಬಂಡೆಗೆ ತಿಕ್ಕಿ ಹೊಸ ಮೈ ಬರಿಸಿದೆ. ಆಮೇಲೆ ನಾನೇ ಸೈಕಲ್ ಹತ್ತಿ ಇಳಿಜಾರಿನಲ್ಲಿ ಬಿಟ್ಟು ಬ್ರೇಕ್ ಹಿಡಿದೆ. ಐದು ಸಲ. ಪ್ರತಿ ಸಲವೂ ನಿಂತಿತು. ಪ್ರತಿ ಸಲವೂ ನನಗೆ ನಂಬಿಕೆ ಬರಲಿಲ್ಲ.

"ಇನ್ನು ಸಾಕು ಬುಡೋ, ಟಯರ್ ಸವೆಸ್ತೀಯ" ಅಂತ ಕಿತ್ತುಕೊಂಡು ಹೊರಟೇಬಿಟ್ಟರು. ಸಮತಟ್ಟು ಸಿಗುವವರೆಗೂ ಹಿಂದೆಯೇ ಹೋದೆ.

ನಿನ್ನೆ ಸಂಜೆ ಊಟಿಯ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡಿದ್ದರು. ಮೂರು ದಿನ ಹಳೇ ಶಿಷ್ಯನ ಮನೆಯಲ್ಲಿದ್ದು, ಇವತ್ತು ಬೆಳಿಗ್ಗೆ ವಾಪಸು ಹೊರಡುತ್ತಾರಂತೆ. ಅಂದರೆ ಇವತ್ತಿನ ಪೇಪರಿನಲ್ಲಿ ಇದನ್ನು ನೀವು ಓದುವ ಹೊತ್ತಿಗೆ ಘಾಟಿ ಇಳಿಯುತ್ತಿರುತ್ತಾರೆ. ಬ್ರೇಕ್ ಒಂದೇ ಸಮ ಹಿಡಿದಿರಬೇಡಿ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿಯಿರಿ, ಅಲ್ಲಲ್ಲಿ ನಿಂತು ರಿಮ್ ಆರಲು ಬಿಡಿ, ಬಂಡೀಪುರವನ್ನು ಬಿಸಿಲಿರುವಾಗಲೇ ದಾಟಿ ಅಂತ ಹೇಳಿದೆ. "ಹೇಳಿದ್ದನ್ನೇ ಹೇಳ್ಬೇಡ" ಅಂದರು. ಲೈನು ಕಟ್ಟಾಯಿತು. ನಾನು ಇನ್ನೂ ಹೇಳುತ್ತಿದ್ದೆ.

ಆವತ್ತಿನಿಂದ ಅಂಗಡಿಯಿಂದ ಹೊರಡುವ ಒಂದೊಂದು ಸೈಕಲ್ಲಿನ ರಿಮ್ಮನ್ನೂ ಬೆರಳಲ್ಲಿ ಮುಟ್ಟಿಯೇ ಕಳಿಸುತ್ತೇನೆ. ಗಿರಾಕಿಗಳು ನಗುತ್ತಾರೆ: "ಏನ್ರೀ, ನಾಡಿ ನೋಡ್ತಿದೀರಾ?" ನಗಲಿ.

ಯಾವ ಸೀಟು, ಯಾವ ಟಯರು, ಎಷ್ಟು ಹಲ್ಲಿನ ಫ್ರೀವೀಲು ಅಂತ ಪತ್ರ ಬರೆದು ಕೇಳುತ್ತಿರುತ್ತೀರಿ. ಕೇಳಿ, ಹೇಳುತ್ತೇನೆ. ಆದರೆ ನಿಮ್ಮ ಗಾಡಿ ಕಟ್ಟಿಕೊಡುವವನನ್ನು ಒಮ್ಮೆಯಾದರೂ ದಿಟ್ಟಿಸಿ ನೋಡಿದ್ದೀರಾ, ಅವನ ಮುಖದಲ್ಲಿ ನಿಮ್ಮ ಜೀವದ ಬಗ್ಗೆ ಸ್ವಲ್ಪವಾದರೂ ಹೆದರಿಕೆ ಇದೆಯಾ ಅಂತ?