ಮೂರು ಕೊಂಬಿನ ರೂಟರ್

ನಮ್ಮ ಮಾವ ಆಯಸ್ಸಿನಲ್ಲಿ ಎಷ್ಟೋ ಜೊತೆ ಎತ್ತು ಕೊಂಡವರು. ರೂಟರ್ ಮಾತ್ರ ಒಂದೇ ಒಂದು ಕೊಂಡರು. ಎರಡನ್ನೂ ಆರಿಸಿದ ರೀತಿ ಒಂದೇ.

ಯಲಹಂಕ ನ್ಯೂಟೌನಿನ ಅಂಗಡಿಯಾತ ಮೂರು ರೂಟರ್ ತಂದು ಗಾಜಿನ ಮೇಲಿಟ್ಟು ಮನೆ ಎಷ್ಟು ಚದರ ಅಂತ ಕೇಳಿದ, ಗೋಡೆ ಎಂಥದ್ದು ಅಂತ ಕೇಳಿದ, ಆಮೇಲೆ ಸಿಂಗಲ್ಲೋ ಡ್ಯುಯಲ್ಲೋ ಅಂದ. ಮೊದಲೆರಡು ಪ್ರಶ್ನೆಗೆ ಮಾವ ಉತ್ತರ ಕೊಟ್ಟರು. ಮೂರನೆಯದಕ್ಕೆ ಮಾವನೂ ಜೊತೆಗೆ ಹೋಗಿದ್ದ ಸೊಸೆ ನಾನೂ ಮುಖ ಮುಖ ನೋಡಿಕೊಂಡೆವು. ಮಾವ ಒಂದೊಂದನ್ನೇ ಕೈಗೆತ್ತಿ ತೂಗಿ ನೋಡಿದರು, ಮಗುಚಿ ಹೊಟ್ಟೆ ನೋಡಿದರು, ಮೇಲೆ ನಿಂತಿದ್ದ ಕಡ್ಡಿಗಳನ್ನು ಹಿಡಿದು ಅಲ್ಲಾಡಿಸಿದರು. ಮೂರು ಕಡ್ಡಿಯದು ಗಟ್ಟಿ ನಿಂತಿತು. "ಕೊಂಬು ಚೆನ್ನಾಗವೆ, ತೂಕಾನೂ ಐತೆ. ಇದೇ ಇರ್ಲಿ," ಅಂದರು. ನಾನು ಎಂ.ಎ. ಓದಿದವಳು, ಬಾಯಿ ಮುಚ್ಚಿಕೊಂಡು ಚೀಲ ಹಿಡಿದೆ. ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲವಲ್ಲ.

ಇದು ಎರಡು ಸಾವಿರದ ಹದಿಮೂರನೇ ಇಸವಿಯ ಆಸುಪಾಸಿನ ಮಾತು. ರೂಟರ್ ಬೇಕಾಗಿದ್ದು ನನಗೆ. ಮಗು ಹುಟ್ಟಿದಾಗ ಶಾಲೆಯ ಕೆಲಸ ಬಿಟ್ಟಿದ್ದೆ. ಅವಳು ಶಾಲೆಗೆ ಹೋಗುವಂತಾದಾಗ ವಾಪಸ್ ಕೇಳಿದೆ, ಕನ್ನಡಕ್ಕೆ ಆಗಲೇ ಬೇರೆಯವರು ಬಂದಿದ್ದರು. ಎರಡು ವರ್ಷ ಅರ್ಜಿ ಹಾಕಿಕೊಂಡು ಹೆಬ್ಬಾಳದವರೆಗೂ ಅಲೆದೆ. ಕೊನೆಗೆ ಹಳೆಯ ಸಹೋದ್ಯೋಗಿಯೊಬ್ಬಳು ಒಂದು ಸಂಸ್ಥೆಯ ವಿಷಯ ಹೇಳಿದಳು. ಹೊರದೇಶದಲ್ಲಿರುವ ನಮ್ಮವರ ಮಕ್ಕಳಿಗೆ ಕಂಪ್ಯೂಟರ್‌ನಲ್ಲೇ ಕನ್ನಡ ಕಲಿಸುವುದಂತೆ. ಮೊದಲು ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು. ಅವಕಾಶ ಒಂದೇ ಸಲ ಅಂತ ಅವರು ಸ್ಪಷ್ಟವಾಗಿ ಬರೆದಿದ್ದರು. ಮತ್ತೆ ಟೀಚರ್ ಅನ್ನಿಸಿಕೊಳ್ಳಬೇಕೆಂಬ ಆಸೆ ಎಷ್ಟಿತ್ತೆಂದರೆ, ಪಾತ್ರೆ ತೊಳೆಯುತ್ತಾ ಕಾಗುಣಿತ ಹೇಳಿಕೊಳ್ಳುತ್ತಿದ್ದೆ.

ತಂದದ್ದನ್ನು ಎಲ್ಲಿಡುವುದು ಅನ್ನುವುದೇ ದೊಡ್ಡ ರಾಮಾಯಣವಾಯಿತು. ಕೇಬಲ್‌ನವನು ಮನೆಯ ನಡುಮಧ್ಯೆ ಇಡಿ ಅಂದ. ನಡುಮಧ್ಯೆ ಬ್ರಹ್ಮಸ್ಥಾನ, ಅಲ್ಲಿ ಮೊಳೆ ಕೂಡ ಹೊಡೆಯುವ ಹಾಗಿಲ್ಲ ಅಂದರು ಮಾವ. ಕರೆಂಟು ಅಂದರೆ ಅಗ್ನಿ, ಅಗ್ನಿ ಅಂದರೆ ಆಗ್ನೇಯ, ಆಗ್ನೇಯ ಅಂದರೆ ಅಡುಗೆಮನೆ. ಹಾಗಾಗಿ ಅದು ಫ್ರಿಜ್ಜಿನ ತಲೆ ಮೇಲೆ ಕೂತಿತು. ನನ್ನ ಕೋಣೆ ಎದುರು ಮೂಲೆಯಲ್ಲಿ, ನಡುವೆ ಎರಡು ಕಲ್ಲಿನ ಗೋಡೆ. ಅಲ್ಲಿಗೆ ಒಂದು ಗೆರೆಯೂ ಸಿಗ್ನಲ್ ಬರಲಿಲ್ಲ. ನಾನೇ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಹೆಂಗಸರು ಎಲ್ಲಿ ಸುತ್ತಿದರೂ ಕೊನೆಗೆ ಅಲ್ಲಿಗೇ ಬರಬೇಕು ಅಂತ ಒಳಗೊಳಗೇ ಬೈದುಕೊಂಡೆ.

ಪಾಠಕ್ಕೆ ಅವರು ಗೊತ್ತು ಮಾಡಿದ ದಿನ ಆಯುಧಪೂಜೆಯಾಗಿತ್ತು. ಬೆಳಿಗ್ಗೆ ಎಂಟು ಗಂಟೆ, ಅಲ್ಲಿಯ ಮಕ್ಕಳಿಗೆ ಸಂಜೆ. ನಾನು ಒಪ್ಪಿಕೊಂಡೆ. ನಮ್ಮ ಮನೆಯಲ್ಲಿ ಅವತ್ತು ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವ ಹಾಗಿಲ್ಲ, ಅದು ಗೊತ್ತಿತ್ತು. ಆದರೆ ಪೂಜೆಗೆ ಕೂರುವುದು ಕುಡುಗೋಲು, ಗುದ್ದಲಿ, ಈಳಿಗೆಮಣೆ, ಸ್ಕೂಟರು. ಫ್ರಿಜ್ಜಿನ ಮೇಲಿದ್ದದ್ದು ನನ್ನ ಲೆಕ್ಕದಲ್ಲಿ ಆಯುಧವೇ ಅಲ್ಲ.

ಅವತ್ತು ಬೇಗ ಎದ್ದು ಚಿತ್ರಾನ್ನ ಕಲಸಿಟ್ಟು, ಅಂಗಳಕ್ಕೆ ರಂಗೋಲಿ ಹಾಕಿ, ಮಗಳಿಗೆ ನೀರು ಹಾಕಿ, ನಾನೂ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟೆ. ಏಳೂವರೆಗೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ನೆಟ್ ಇಲ್ಲ. ತಲೆಯೆತ್ತಿ ನೋಡಿದೆ. ಫ್ರಿಜ್ಜಿನ ಮೇಲೆ ವೈರಿನ ತುದಿ ಮಾತ್ರ ನೇತಾಡುತ್ತಿತ್ತು.

ನಡುಮನೆಗೆ ಓಡಿದೆ. ಕೆಂಪು ವಸ್ತ್ರ ಹಾಸಿದ ಮಣೆಯ ಮೇಲೆ ಎಲ್ಲಕ್ಕಿಂತ ಮುಂದೆ ರೂಟರ್ ಕೂತಿತ್ತು. ಮೈತುಂಬ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಮೂರು ಕಡ್ಡಿಗೂ ಸೇವಂತಿಗೆ. ಕುಡುಗೋಲು, ಗುದ್ದಲಿ ಅದರ ಹಿಂದೆ. ನಾನು ಬಚ್ಚಲಲ್ಲಿದ್ದಾಗಲೇ ಮಂಗಳಾರತಿ ಮುಗಿದಿತ್ತು, ಕರ್ಪೂರದ ವಾಸನೆ ಇನ್ನೂ ಇತ್ತು.

"ಮಾವ, ಇವತ್ತು ನನ್ನ ಪಾಠ..." ಅಂತ ಶುರು ಮಾಡಿದೆ.

"ಅದಕ್ಕೇ ಕಣಮ್ಮ ಮುಂದೆ ಇಟ್ಟಿರೋದು," ಅಂದರು. ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. "ಚಿಕ್ಕಜಾಲದ ಒಲ ರಸ್ತೆಗೆ ಓಯ್ತಲ್ಲ, ಆವತ್ತಿಂದ ಈ ಕುಡ್ಲು ಸುಮ್ನೆ ಪೂಜೆ ಮಾಡಿಸ್ಕೊತಾ ಕುಂತೈತೆ. ಈ ಮನೇಲಿ ಕೆಲ್ಸಕ್ಕೆ ಬರೋ ಆಯುಧ ಅಂದ್ರೆ ಈಗ ನಿಂದೇಯ. ಇವತ್ತೊಂದಿನ ಅದ್ಕೂ ರೆಸ್ಟ್ ಕೊಡು. ನಾಳೆ ನಾನೇ ತಗ್ದು ಕೊಡ್ತೀನಿ."

ನನ್ನ ಗಂಡನೂ ಸೇರಿ, ಆ ಮನೆಯಲ್ಲಿ ನನ್ನ ಓದನ್ನು ಕೆಲಸವೆಂದು ಕರೆದವರು ಅದುವರೆಗೆ ಯಾರೂ ಇರಲಿಲ್ಲ. ಹಾಗೆ ಕರೆದ ಮನುಷ್ಯನೇ ಅದರ ಕತ್ತು ಹಿಸುಕಿ ಹೂವು ಮುಡಿಸಿ ಕೂರಿಸಿದ್ದ. ನನಗೆ ಅಳು ಬಂತು, ಸಿಟ್ಟೂ ಬಂತು. ರೂಟರ್ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಆ ಕುಂಕುಮ ಒರೆಸಿ ಅದನ್ನು ಎತ್ತಿಕೊಳ್ಳಲು ನನ್ನ ಕೈಲಿ ಆಗಲಿಲ್ಲ.

ದಾಸರಹಳ್ಳಿಯ ಫ್ಯಾಕ್ಟರಿಯ ಪೂಜೆಗೆ ಹೋಗಿದ್ದ ಗಂಡನಿಗೆ ಫೋನ್ ಮಾಡಿದೆ. ಹಿಂದೆ ತಮಟೆ ಸದ್ದು. ಅಪ್ಪನಿಗೆ ನೀನೇ ಹೇಳು ಅಂದರು. ನನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ಪಾಠ ಮಾಡುವಂತಿರಲಿಲ್ಲ. ಸಂಸ್ಥೆಯವರ ನಂಬರೂ ಇರಲಿಲ್ಲ, ಇದ್ದದ್ದು ಈಮೇಲ್ ಮಾತ್ರ. ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಮಾರುಕಟ್ಟೆ ಬೀದಿಯ ಸೈಬರ್ ಸೆಂಟರಿಗೆ ಓಡಿದೆ. ಷಟರ್ ಎಳೆದಿತ್ತು, ಎರಡೂ ಬದಿಗೆ ಬಾಳೆಕಂದು ಕಟ್ಟಿತ್ತು, ಮೆಟ್ಟಿಲ ಮೇಲೆ ಒಡೆದ ಕುಂಬಳಕಾಯಿ. ಅವನ ಆಯುಧಗಳಿಗೂ ರಜೆ. ಎಂಟು ಗಂಟೆ ಆಗಿದ್ದು ಆ ಮೆಟ್ಟಿಲ ಮೇಲೆ ನಿಂತಿದ್ದಾಗ.

ಎಷ್ಟೋ ತಿಂಗಳ ಮೇಲೆ ಕೇಬಲ್‌ನವನು ರಿಪೇರಿಗೆ ಬಂದಾಗ ಮಾತಿಗೆ ಹೇಳಿದ, ಆ ನೇತಾಡುವ ವೈರನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಿ ಪಾಸ್‌ವರ್ಡ್ ಹೊಡೆದಿದ್ದರೂ ನೆಟ್ ಬರುತ್ತಿತ್ತಂತೆ. ಪಾಸ್‌ವರ್ಡ್ ಬರೆದ ಚೀಟಿ ಫ್ರಿಜ್ಜಿನ ಬಾಗಿಲಿಗೇ ಅಂಟಿಸಿತ್ತು. ಕೇಳಿ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಅವನಿಗೆ ಕಾಫಿ ಕೊಟ್ಟೆ.

ಮಾರನೆಯ ದಿನ ವಿಜಯದಶಮಿ. ಮಾವ ಮಾತು ತಪ್ಪಲಿಲ್ಲ. ಸ್ನಾನ ಮಾಡಿ, ಮಣೆ ಕದಲಿಸಿ, ರೂಟರನ್ನು ತಾವೇ ತಂದು ಫ್ರಿಜ್ಜಿನ ಮೇಲಿಟ್ಟು ವೈರು ಸಿಕ್ಕಿಸಿದರು. ಹಸಿರು ದೀಪಗಳು ವಿಭೂತಿಯ ಒಳಗಿಂದ ಮಿನುಗಿದವು. ಈಮೇಲ್ ತೆರೆದೆ. ಕಾದೆವು, ನೀವು ಬರಲಿಲ್ಲ, ಬೇರೆಯವರನ್ನು ತೆಗೆದುಕೊಂಡಿದ್ದೇವೆ ಅಂತ ಎರಡೇ ಸಾಲು ಬರೆದಿದ್ದರು.

ಮಾವ ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದರು. ಅಕ್ಷರ ಕಲಿಸಲು ಇವತ್ತಿಗಿಂತ ಒಳ್ಳೆ ದಿನ ಇಲ್ಲ, ನಾನೂ ಒಂದ್ಸಲ ಕೇಳ್ತೀನಿ, ಶುರು ಮಾಡು ಅಂದರು.

ನಾನು ಈಮೇಲ್ ಮುಚ್ಚಿ, ಖಾಲಿ ಪರದೆಯ ಮುಂದೆ ನೆಟ್ಟಗೆ ಕೂತೆ. ನಮಸ್ಕಾರ ಮಕ್ಕಳೇ ಅಂದೆ. ಅ ಅಂದೆ, ಆ ಅಂದೆ. ಮಕ್ಕಳು ತಿರುಗಿ ಹೇಳಲಿ ಅಂತ ಪ್ರತಿ ಅಕ್ಷರಕ್ಕೂ ಸ್ವಲ್ಪ ಹೊತ್ತು ಕಾದೆ. ಅಃ ಮುಗಿಯುವವರೆಗೂ ಮಾವ ಅಲ್ಲಾಡಲಿಲ್ಲ.

"ಅಲ್ಲಿಗಂಟ ಕೇಳುಸ್ತಾ?" ಅಂತ ಮೆಲ್ಲಗೆ ಕೇಳಿದರು.

"ಕೇಳಿಸ್ತು ಮಾವ," ಅಂದೆ.