ನಾಲ್ಕು ಕಂಬದ ಬಂಗಲೆ

ಮೊನ್ನೆ ಕಳಸದ ಅಂಗಡಿಯೊಂದರಲ್ಲಿ ಸಾರಿಗೆ ಹಾಕುವ ಉಪ್ಪಾಗೆ ಹುಳಿಯ ಬಾಟಲಿ ತೆಗೆದು ಮೂಸಿದೆ, ಅಷ್ಟೇ. ಎಸ್ಟೇಟಿನ ಬಡಗಿ ಎದುರಿಗೇ ಬಂದು ಕೂತ ಹಾಗಾಯಿತು. ಬಾಟಲಿ ಅಲ್ಲೇ ಇಟ್ಟು ಬರಿಗೈಲಿ ಬಂದೆ. ಹೆಂಡತಿ ಬೈದಳು.

ಬಾಳೂರಿನ ಹತ್ತಿರದ ಆ ಎಸ್ಟೇಟಿನಲ್ಲಿ ನಾನು ರೈಟರ್, ಆಳುಗಳ ಹಾಜರಿ ಬರೆಯುವವನು. ಸಾಹುಕಾರರು ಹೋಂಸ್ಟೇ ಮಾಡಲೆಂದು ತಾತನ ಕಾಲದ ಬಂಗಲೆಯ ಮುಂಭಾಗ ಕೆಡವಿ ಗಾಜು ಹಾಕಿಸಿದ್ದರು. ಕೆಡವಿದ ಮೇಲೆ ಹಳೆಯದರ ಮೇಲೆ ಪ್ರೀತಿ ಉಕ್ಕಿತು ನೋಡಿ! ಮೊದಲಿದ್ದ ಹಾಗೇ ಒಂದು ಪುಟ್ಟ ಬಂಗಲೆ ಮಾಡಿಕೊಡು, ಹಜಾರದಲ್ಲಿಡೋಣ ಎಂದು ಬಡಗಿಗೆ ಹೇಳಿದರು.

"ಚೆನ್ನಾಗಿ ಬಂದ್ರೆ ನೀನೂ ನಿನ್ನ ಹೆಂಡ್ತಿನೂ ಮುಂದಿನ ಬಾಗ್ಲಿಂದ್ಲೇ ಬನ್ನಿ ಮಾರಾಯ. ಗೆಸ್ಟುಗಳ ಜೊತೆಗೇ ಊಟ."

ಅವನಂಥ ಲೈನ್ ಮನೆಗಳ ಆಳುಗಳು ಯಾವತ್ತೂ ಹಿಂದಿನ ಅಂಗಳ ದಾಟಿದವರಲ್ಲ. ಆ ಮನುಷ್ಯ ಆ ಊಟಕ್ಕೆಂದೇ ಬಿಳಿ ಅಂಗಿ ಹೊಲಿಸಿದ.

ಏನು ಕೈ ಅದು! ಸಿಲ್ವರ್ ಓಕ್ ತುಂಡಿನಲ್ಲಿ ಬೆರಳುದ್ದದ ಬಾಗಿಲು, ಹೂಕುಂಡದ ಚೂರು ತೇಯ್ದು ಹೆಂಚು. ಮರ ಹಳತಾಗಿ ಕಾಣಲು ಮೊದಲು ಕಾಫಿ ಡಿಕಾಕ್ಷನ್ ಬಳಿಯುತ್ತಿದ್ದ. ಅದರ ಮೇಲೆ ತುಕ್ಕು ಹಿಡಿದ ಮೊಳೆ ನೆನೆಹಾಕಿದ ಉಪ್ಪಾಗೆ ಹುಳಿ. ನೋಡುತ್ತಿದ್ದಂತೆ ಹೊಸ ಮರ ಕಪ್ಪಾಗಿ ನೂರು ಮಳೆಗಾಲ ಕಂಡ ಹಾಗಾಗುತ್ತಿತ್ತು. ಹಿಂದಿನ ಅಂಗಳ, ಬಚ್ಚಲು, ಪಾತ್ರೆ ತೊಳೆಯುವ ಕಲ್ಲು... ಎಲ್ಲ ಇದ್ದ ಹಾಗೇ. ಮುಂಭಾಗದ್ದೇ ಅವನಿಗೆ ಅನುಮಾನ. ಅದರ ಹಳೇ ಫೋಟೋ ಹಜಾರದ ಗೋಡೆಯಲ್ಲಿತ್ತು. ಹಜಾರಕ್ಕೆ ಹೋಗುತ್ತಿದ್ದವನು ನಾನು.

"ರೈಟ್ರೇ, ಫೋಟೋದಲ್ಲಿ ಮುಂದೆ ಎಷ್ಟು ಕಂಬ ಇದಾವೆ, ಸ್ವಲ್ಪ ಎಣಿಸಿ ಹೇಳ್ತೀರಾ?"

ಜೇಬಿನಲ್ಲಿ ಮೊಬೈಲಿತ್ತು. ಫೋಟೋ ತೆಗೆದು ತೋರಿಸಿದ್ದರೆ ಮುಗಿದೇ ಹೋಗುತ್ತಿತ್ತು... ಆದರೆ ಅಷ್ಟು ವರ್ಷ ಹಾಜರಿ ಬರೆದ ನನ್ನನ್ನು ಸಾಹುಕಾರರು ಒಂದು ದಿನ ಊಟಕ್ಕೆ ಕೂರು ಎಂದಿರಲಿಲ್ಲ. ಈ ಬಡಗಿಗೆ ಎಲೆಯಂತೆ! ನನ್ನ ಹೊಟ್ಟೆಕಿಚ್ಚಿಗೆ ಬೆಂಕಿ ಬೀಳ. ಕಂಬಗಳು ಆರಿದ್ದವು. ನಾನು "ನಾಲ್ಕು" ಎಂದೆ.

ಊಟದ ದಿನ ಗಂಡಹೆಂಡತಿ ಮುಂದಿನ ಮೆಟ್ಟಿಲು ಹತ್ತಿ ಬಂದರು. ಸಾಹುಕಾರರು ಪುಟ್ಟ ಬಂಗಲೆ ನೋಡಿದರು, ಗೋಡೆಯ ಫೋಟೋ ನೋಡಿದರು.

"ಏನೋ, ನಮ್ಮ ತಾತನ ಎರಡು ಕಂಬ ಯಾರಿಗೆ ಮಾರಿದ್ಯೋ?"

ಅತಿಥಿಗಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬಡಗಿ ಫೋಟೋದ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದ. ತಿರುಗಿ ಒಂದು ಸಲ ನನ್ನನ್ನು ನೋಡಿದ.

"ನಂದೇ ತಪ್ಪು ಸಾವ್ಕಾರ್ರೇ," ಎಂದ.

"ಬಚ್ಚಲ ಒಲೆಗೆ ಹಾಕ್ರೋ ಅದನ್ನ," ಎಂದರು ಸಾಹುಕಾರರು. ಎತ್ತಿಕೊಂಡು ಹೋದವನು ನಾನು. ಗಂಡಹೆಂಡತಿ ಉಣ್ಣದೆ ಹಿಂದಿನ ಬಾಗಿಲಿಂದ ಹೋದರು. ಅವನು ಆಮೇಲೆ ಉಳಿ ಮುಟ್ಟಲಿಲ್ಲವಂತೆ... ಎರಡು ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡ.

ತಿಥಿಯ ದಿನ ಅವನ ಹೆಂಡತಿ ನನ್ನ ಕೈಗೊಂದು ಬೆಂಕಿಪೊಟ್ಟಣ ಕೊಟ್ಟಳು. ತೆಗೆದರೆ ಅದೇ ಹುಳಿ ವಾಸನೆ. ಒಳಗೆ ಕಪ್ಪಾದ ಎರಡು ಕಂಬ.

"ಚಿಕ್ಕೋರಿದ್ದಾಗ ಗೇಟಿಂದ ಕಂಡಿದ್ದು ಆರು ಅಂತ ಮೊದ್ಲು ಆರೇ ನಿಲ್ಸಿದ್ರು. ನೀವು ನಾಲ್ಕು ಅಂದ್ರಲ್ಲ, ಓದಿದೋರು ಎಣಿಸಿದ್ದು ತಪ್ಪಾಗುತ್ತಾ ಅಂತ ಎರಡು ಕಿತ್ತಿಟ್ರು. ನೀವೇ ಇಟ್ಕೊಳಿ ರೈಟ್ರೇ."

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಆ ಪೊಟ್ಟಣ ಈಗ ನನ್ನ ಬೀರುವಿನಲ್ಲಿದೆ. ಕ್ಷಮೆ ಕೇಳೋಣವೆಂದರೆ ಅವನಿಲ್ಲ. ಕಂಬ ನಿಲ್ಲಿಸೋಣವೆಂದರೆ ಆ ಬಂಗಲೆಯಿಲ್ಲ. ಅದನ್ನು ನಾನೇ ಒಲೆಗೆ ಹಾಕಿ, ಪೂರ್ತಿ ಉರಿಯುವ ತನಕ ನಿಂತು ನೋಡಿದ್ದೆ.