ಎರಡನೆಯ ಕೀಲಿ

ಟ್ರೇಲರ್ ಬೀಗ ಮಾರುವ ನಮ್ಮ ದೊಡ್ಡಪ್ಪ ಗಿರಾಕಿಯನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ನಿಮಗೆ ಯಾರ ಭಯ?" ಬಂದವರು ಬೆಪ್ಪಾಗುತ್ತಾರೆ.

ಆ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಹೊಟ್ಟೆಬಟ್ಟೆ ಕಟ್ಟಿ ಅವನೂ ಕಾರಿನ ಹಿಂದೆ ಎಳೆದೊಯ್ಯುವ ಒಂದು ಟ್ರೇಲರ್ ಮಾಡಿಸಿದ್ದ; ಒಳಗೆ ಮಂಚ, ಒಲೆ, ಮಡಚುವ ಮೇಜು. ಕಾರಿಗೆ ಸಿಕ್ಕಿಸುವ ಕೊಂಡಿಗೆ ಅಂಗಡಿಯ ಅತಿ ಗಟ್ಟಿ ಬೀಗ ಹಾಕಿದ, ಚಕ್ರಕ್ಕೆ ಇನ್ನೊಂದು. ಎರಡಕ್ಕೂ ಒಂದೇ ಕೀಲಿ ಹೊಂದಿಸಿಕೊಂಡು, ಅಂಥದ್ದೇ ಎರಡನೆಯ ಕೀಲಿಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದ. ಮನೆಯೊಳಗೆ ಇರುವವರೆಲ್ಲ ನಮ್ಮವರೇ ತಾನೆ.

ಒಂದು ಬೆಳಗ್ಗೆ ಅಂಗಳ ಖಾಲಿಯಾಗಿತ್ತು. ಬೀಗಗಳೆರಡೂ ಹೊಸ್ತಿಲ ಮೇಲೆ ಜೋಡಿಸಿಟ್ಟಂತೆ ಕೂತಿದ್ದವು. ಅದೇ ಮನೆಯಲ್ಲಿದ್ದ ಅವನ ತಮ್ಮ, ನಮ್ಮ ಚಿಕ್ಕಪ್ಪನೂ ಕಾಣಿಸಲಿಲ್ಲ.

ಪೊಲೀಸಿನವನು ಬೀಗ ತಿರುಗಿಸಿ ನೋಡಿ, "ಒಡೆದೇ ಇಲ್ವಲ್ಲ ಯಜಮಾನ್ರೇ. ಇದು ನಿಮ್ಮನೆ ವಿಷಯ, ನೀವೇ ನೋಡ್ಕೊಳ್ಳಿ" ಎಂದು ಹೋದ.

"ಎಷ್ಟಾದ್ರೂ ಒಡಹುಟ್ಟಿದವನು, ಬಿಡಿ" ಎಂದಳು ದೊಡ್ಡಮ್ಮ. ದೊಡ್ಡಪ್ಪ ಅಡುಗೆಮನೆಯ ಆ ಮೊಳೆ ಕಿತ್ತು ಎಸೆದ. ಗೋಡೆಯ ಗಾರೆಯೂ ಕಿತ್ತುಬಂತು.

ನಿನ್ನೆ ಬಂದ ಗಿರಾಕಿಯೊಬ್ಬ ಯೋಚಿಸಿ, "ಕಳ್ಳರದ್ದೇ ಭಯ" ಎಂದ. ದೊಡ್ಡಪ್ಪ ಕೊಂಡಿಯ ಬೀಗವನ್ನು ಅವನ ಮುಂದಿಟ್ಟ.

"ಪುಣ್ಯವಂತರು ನೀವು. ಕಳ್ಳರಿಗೆ ಇದು ಸಾಕು. ಮನೆಯವ್ರ ಭಯ ಅಂದಿದ್ರೆ, ನನ್ನ ಹತ್ರ ಮಾಲಿಲ್ಲ."